ಉಳಿದ ನಲವತ್ತು ಮಾತು

ಆ ತಾಂತ್ರಿಕ ಕಾಲೇಜಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಹುಡುಗರ ಬಾಯಲ್ಲಿ ಅವರು ಪುಕ್ಕಟೆ ಮೇಷ್ಟ್ರು. ಮೇಷ್ಟ್ರು ಎನ್ನುವುದೂ ಅರ್ಧ ಸುಳ್ಳೇ, ಪಾಠ ಮಾಡುವ ಕೆಲಸ ಅವರದಾಗಿರಲಿಲ್ಲ. ನೆಲಮಹಡಿಯ ಸರ್ವರ್ ಕೋಣೆಯನ್ನು ನೋಡಿಕೊಳ್ಳುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಆ ಕೋಣೆಯ ಎಸಿಯ ಕೆಳಗೆ, ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು, ಕಪಾಟಿನೆತ್ತರದ ಯಂತ್ರಗಳ ಮಿಣುಕು ದೀಪಗಳನ್ನು ನೋಡುತ್ತ ಕೂತವರು. ಯಾರಾದರೂ ದುಡ್ಡು ತೆತ್ತ ಸಾಫ್ಟ್‌ವೇರ್ ತೋರಿಸಿದರೆ ಸಾಕು, "ಇದಕ್ಯಾಕಪ್ಪ ದುಡ್ಡು ಕೊಟ್ಟೆ? ಇದೇ ಕೆಲಸಕ್ಕೆ ಪುಕ್ಕಟೆದೊಂದಿದೆ, ಇರು" ಎಂದು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಹೆಸರು ಬಂದದ್ದು ಹಾಗೆ.

ಓಪನ್ ಸೋರ್ಸ್ ಎಂದರೆ ಅವರಿಗೆ ಪ್ರಾಣ. ಬರೆದ ಪ್ರೋಗ್ರಾಮನ್ನು ಬಚ್ಚಿಡದೆ, ಯಾರು ಬೇಕಾದರೂ ನೋಡಲಿ, ತಿದ್ದಲಿ, ಒಯ್ಯಲಿ ಎಂದು ಬಯಲಿನಲ್ಲಿಡುವ ಆ ಪದ್ಧತಿಯ ಬಗ್ಗೆ ಮಾತಿಗೆ ಕೂತರೆ ಎದುರಿನವರ ಚಹಾ ಆರಿ ನೀರಾಗುತ್ತಿತ್ತು. "ಹಂಚಿದ್ದು ಕಳೆದುಹೋಗಲ್ಲ. ಇಪ್ಪತ್ತು ಮನೇಲಿದ್ರೆ ಹತ್ತೊಂಬತ್ತು ಸುಟ್ಟರೂ ಒಂದು ಉಳಿಯುತ್ತೆ" ಎನ್ನುತ್ತಿದ್ದರು. ಹೇಳಿದಂತೆ ನಡೆದುಕೊಂಡರು ಕೂಡ, ಒಂದು ವಿಷಯದಲ್ಲಿ ಬಿಟ್ಟು. ಆ ಒಂದು ವಿಷಯವೇ ಅವರ ಮನೆಯನ್ನು ಮುಳುಗಿಸಿತು.

ಮನೆಯಲ್ಲಿ ಇದ್ದವರು ಮೂವರು: ಮೇಷ್ಟ್ರು, ಅವರ ಅಮ್ಮ, ಅವರ ತಂಗಿ. ತಂಗಿಗೆ ಎಂಟು ವರ್ಷವಿದ್ದಾಗ ಮಿದುಳಿಗೆ ಜ್ವರ ಏರಿತು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಕಲಿತಿದ್ದ ಅಕ್ಷರವೂ ಹೋಯಿತು. ಉಳಿದದ್ದೆಲ್ಲ ನೆಟ್ಟಗಿತ್ತು: ಕೇಳಿದ್ದು ಅರ್ಥವಾಗುತ್ತಿತ್ತು, ಜೋಕಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದಳು, ಸಿಟ್ಟು ಬಂದರೆ ತಟ್ಟೆ ತಳ್ಳುತ್ತಿದ್ದಳು. ಮೂವತ್ತು ವರ್ಷ ಕೈಸನ್ನೆಯಲ್ಲೇ ದಿನ ದೂಡಿದಳು. ಅವಳ ಸನ್ನೆ ಪೂರ್ತಿ ತಿಳಿಯುತ್ತಿದ್ದುದು ಅಮ್ಮನಿಗೆ ಮಾತ್ರ.

ಒಂಬತ್ತು ವರ್ಷದ ಹಿಂದೆ ಮೇಷ್ಟ್ರು ಅವಳಿಗಾಗಿ ಮೊಬೈಲಿಗೆ ಒಂದು ಆ್ಯಪ್ ಬರೆದರು. ಹೆಸರು ಮಾತಿನಹಲಗೆ. ಪರದೆಯ ತುಂಬ ಸಣ್ಣ ಸಣ್ಣ ಚಿತ್ರ. ಚಿತ್ರ ಮುಟ್ಟಿದರೆ ಫೋನು ಮಾತಾಡುತ್ತದೆ. ಮೊದಲು ಯಂತ್ರದ ದನಿ ಹಾಕಿದ್ದರು. ಅದನ್ನು ಕೇಳಿ ತಂಗಿ ಫೋನನ್ನು ದಿಂಬಿನ ಕೆಳಗೆ ತುರುಕಿದಳು. ಅಮ್ಮನೂ ಮೂಗು ಮುರಿದಳು. "ಸ್ಟೇಷನ್ನಲ್ಲಿ ರೈಲು ಲೇಟು ಅನ್ನೋ ಹೆಂಗಸಿನ ಹಾಗಿದೆ. ನನ್ನ ಮಗಳು ಹಾಗೆ ಮಾತಾಡ್ಬೇಕಾ? ನಾನೇ ಹೇಳ್ತೀನಿ, ತುಂಬ್ಕೋ."

ಎರಡು ವರ್ಷ ಅದೇ ನಡೆಯಿತು. ಭಾನುವಾರ ಮಧ್ಯಾಹ್ನ ಸಾಮಾನಿನ ಕೋಣೆಯಲ್ಲಿ, ಬೀದಿಯ ಗದ್ದಲ ಬರಬಾರದೆಂದು ಕಿಟಕಿಗೆ ಎರಡು ಕಂಬಳಿ ಇಳಿಬಿಟ್ಟು, ಅಮ್ಮ ಮಾತು ತುಂಬಿಸಿದಳು. ಬರೀ ಪದ ಹೇಳು ಎಂದರೆ ಅವಳಿಗೆ ಸರಿಬರುತ್ತಿರಲಿಲ್ಲ. ಉಪ್ಪಿನ ಚಿತ್ರಕ್ಕೆ "ಉಪ್ಪೇ ಹಾಕಿಲ್ವಲ್ಲೇ ಇದಕ್ಕೆ!" ಎಂದಳು. ಬಾಗಿಲಿಗೆ "ಬಾಗಿಲು ಹಾಕ್ಕೊಂಡು ಹೋಗೋ, ಗೂಬೆ." ಬಸ್ಸಿಗೆ "ಬಸ್ಸು ಬಂತು, ಬಸ್ಸು ಬಂತು." ಅಣ್ಣನ ಚಿತ್ರ ಬಂದಾಗ "ನನ್ನ ಮಗನ್ನ ನಾನೇ ಅಣ್ಣ ಅನ್ಬೇಕಾ?" ಎಂದು ನಕ್ಕಳು. ನಾಲ್ಕು ಸಲ ತುಂಬಿಸಿಕೊಂಡರೂ ನಾಲ್ಕು ಸಲವೂ ಕೊನೆಯಲ್ಲಿ ನಗು ಉಕ್ಕಿತು. ಮೇಷ್ಟ್ರು ಅದನ್ನು ಹಾಗೇ ಬಿಟ್ಟರು. ಅಂದಿನಿಂದ ತಂಗಿ ಅಣ್ಣನನ್ನು ಕರೆದಾಗಲೆಲ್ಲ ಅಮ್ಮನ ದನಿಯಲ್ಲಿ "ಅಣ್ಣಾ" ಬರುತ್ತಿತ್ತು, ಹಿಂದೆಯೇ ಅರ್ಧ ನುಂಗಿದ ಒಂದು ನಗು.

ಒಟ್ಟು ಎರಡು ಸಾವಿರದ ಮುನ್ನೂರ ಹದಿನಾಲ್ಕು ಮಾತು. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಮೇಷ್ಟ್ರೇ. ಕೆಲಸ ಮುಗಿಸಿ ಸಂಜೆ ಮನೆ ಹೊಕ್ಕರೆ ತಂಗಿ ಬಾಗಿಲಲ್ಲೇ ಫೋನು ಎತ್ತಿ ಹಿಡಿದು "ಈಗ ಬಂದ್ಯಾ? ಕೈಕಾಲು ತೊಳ್ಕೋ" ಎಂದು ಅಮ್ಮನಾಗಿ ಗದರುತ್ತಿದ್ದಳು. ಒಳಗಿಂದ ನಿಜವಾದ ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಒಂದೇ ದನಿಯಿಂದ ಎರಡು ಕಡೆ ಬೈಸಿಕೊಂಡ ಮಗ ಈ ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ಆ್ಯಪನ್ನು ಮೇಷ್ಟ್ರು ಎಂದಿನಂತೆ ಬಯಲಿಗಿಟ್ಟರು. ಕಂಡು ಕೇಳದ ಊರುಗಳ ಜನ ಒಯ್ದರು, ತಮ್ಮ ಮನೆಯವರ ದನಿ ತುಂಬಿಸಿಕೊಂಡರು, ತಪ್ಪು ತಿದ್ದಿ ಕಳಿಸಿದರು. ಒಂದು ಕಂಪನಿಯಂತೂ ಅದಕ್ಕೆ ಬಣ್ಣ ಬಳಿದು ತನ್ನದೇ ಎಂದು ಮಾರಾಟಕ್ಕಿಟ್ಟಿತು. ಗೆಳೆಯರಿಗೆ ಹೊಟ್ಟೆ ಉರಿಯಿತು, ಮೇಷ್ಟ್ರಿಗೆ ಉರಿಯಲಿಲ್ಲ. "ಎಲ್ಲೋ ಒಂದ್ಕಡೆ ಇರುತ್ತಲ್ಲ ಬಿಡಿ" ಎಂದರು. ಆದರೆ ಅಮ್ಮನ ದನಿಯನ್ನು ಮಾತ್ರ ಬಯಲಿಗಿಡಲಿಲ್ಲ. ಪ್ರೋಗ್ರಾಮು ಎಲ್ಲರದು. ಅಮ್ಮ ಗೂಬೆ ಎಂದು ಬೈಯುವುದು ಊರ ಸ್ವತ್ತಲ್ಲ. ಅದರ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿತ್ತು, ಇನ್ನೊಂದು ಕಾಲೇಜಿನ ಸರ್ವರಿನಲ್ಲಿ. ತಂಗಿಯ ಹಳೇ ಫೋನಿನಲ್ಲಿ ಅಷ್ಟೆಲ್ಲಕ್ಕೆ ಜಾಗವಿರಲಿಲ್ಲ. ಅವಳು ಹೆಚ್ಚು ಮುಟ್ಟುವ ನಲವತ್ತು ಮಾತನ್ನು ಫೋನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಮಿಕ್ಕದ್ದು ಮುಟ್ಟಿದಾಗ ಇಂಟರ್ನೆಟ್ಟಿನಿಂದ ಬರಬೇಕು. ಹಾಗೆಂದು ಯೋಚಿಸಿ ಬರೆದವರು ಮೇಷ್ಟ್ರೇ.

ಮನೆಯ ಹಾರ್ಡ್ ಡಿಸ್ಕು ಒಂದು ದಿನ ಕಟಕಟ ಎಂದು ಸತ್ತಿತು. ಹೊಸದು ತರಬೇಕು, ತರಬೇಕು ಎನ್ನುತ್ತಲೇ ವರ್ಷ ಕಳೆಯಿತು. ಅಷ್ಟರಲ್ಲಿ ಕಾಲೇಜಿನವರು ಕ್ಲೌಡಿಗೆ ಹೋಗುವ ತೀರ್ಮಾನ ಮಾಡಿದರು. ಸ್ವಂತ ಯಂತ್ರ ಬೇಡ, ಕರೆಂಟು ಬೇಡ, ಎಸಿ ಬೇಡ, ಎಲ್ಲವೂ ಎಲ್ಲೋ ದೂರದ ಯಾವುದೋ ಕಂಪನಿಯ ಯಂತ್ರದಲ್ಲಿರಲಿ ಎಂದು. ಮೇಷ್ಟ್ರನ್ನು ಪರೀಕ್ಷಾ ವಿಭಾಗದ ಕಾಗದ ಜೋಡಿಸುವ ಮೇಜಿಗೆ ಹಾಕಿದರು. ಯಂತ್ರಗಳು ಗುಜರಿಗೆ ಹೋಗುವ ಮೊದಲು ಒಳಗಿರುವುದನ್ನೆಲ್ಲ ಮೂರು ಸಲ ಅಳಿಸಬೇಕೆಂಬ ನಿಯಮವಿತ್ತು. ಆ ನಿಯಮ ಬರೆದವರೂ ಅವರೇ. ಅಳಿಸುವ ಹಿಂದಿನ ದಿನ ಅಮ್ಮನ ಮಾತನ್ನೆಲ್ಲ ಒಂದು ಪುಕ್ಕಟೆ ಕ್ಲೌಡ್ ಖಾತೆಗೆ ಏರಿಸಿದರು. ತಮ್ಮ ಖಾತೆಯ ಜಾಗ ಭರ್ತಿಯಾಗಿತ್ತು. ಅಮ್ಮನ ಮೊಬೈಲ್ ನಂಬರಿನಲ್ಲಿ ಹೊಸದು ತೆರೆದು, ಮಾತಿನಹಲಗೆಯನ್ನು ಅದಕ್ಕೇ ಜೋಡಿಸಿದರು. ಮರುದಿನ ತಮ್ಮ ಕೈಯಾರೆ ಮೂರು ಸಲ ಅಳಿಸಿದರು. ಅಚ್ಚುಕಟ್ಟು ಮನುಷ್ಯ, ನಾಲ್ಕನೇ ಸಲ ಪರೀಕ್ಷೆಯನ್ನೂ ಮಾಡಿದರು. ಏನೂ ಉಳಿದಿರಲಿಲ್ಲ.

ಅದಾಗಿ ಒಂದು ವರ್ಷಕ್ಕೆ ಅಮ್ಮ ತೀರಿಕೊಂಡಳು. ಬೆಳಗ್ಗೆ ಹಾಲು ಕಾಯಿಸಲು ಎದ್ದವಳು ಅಡುಗೆಮನೆಯಲ್ಲೇ ಕುಸಿದಳು. ಅವಳ ಫೋನನ್ನು ಮೇಷ್ಟ್ರು ಬೀರುವಿನ ಖಾನೆಯಲ್ಲಿಟ್ಟರು. ಸತ್ತವರ ನಂಬರಿಗೆ ಯಾರು ರೀಚಾರ್ಜ್ ಮಾಡಿಸುತ್ತಾರೆ? ಇಪ್ಪತ್ತೆರಡು ವರ್ಷ ಎಲ್ಲರ ಪಾಸ್‌ವರ್ಡು ಕಾದವರಿಗೆ ಆ ನಂಬರು ಒಂದು ಬೀಗದ ಕೈ ಎಂಬುದು ಹೊಳೆಯಲೇ ಇಲ್ಲ. ಮಾತಿನಹಲಗೆ ನಡೆಯುತ್ತಿತ್ತು, ಅಷ್ಟು ಸಾಕಾಗಿತ್ತು.

ಒಂದು ಸೋಮವಾರ ತಂಗಿ ಫೋನು ಹಿಡಿದು ಬಂದು ಅಣ್ಣನ ಮುಂದೆ ನಿಂತಳು. ಚಿತ್ರಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಮೇಲಿನ ನಲವತ್ತಕ್ಕೆ ಮಾತ್ರ ಬಣ್ಣವಿತ್ತು. ಕ್ಲೌಡಿನ ಕಂಪನಿ ಪುಕ್ಕಟೆ ಖಾತೆಗಳನ್ನು ಮುಚ್ಚುತ್ತಿತ್ತು. ಆ್ಯಪುಗಳಿಗಿದ್ದ ದಾರಿಯನ್ನು ಮೊದಲು ಕಡಿದಿದ್ದರು. ಇನ್ನು ಮಾಲೀಕರೇ ಲಾಗಿನ್ ಆಗಿ ತಮ್ಮದನ್ನು ಇಳಿಸಿಕೊಳ್ಳಬೇಕು, ಹನ್ನೊಂದು ದಿನದೊಳಗೆ. ಎಚ್ಚರಿಕೆಯ ಮೆಸೇಜು ಆರು ತಿಂಗಳಿಂದ ಬರುತ್ತಲೇ ಇತ್ತಂತೆ, ಅಮ್ಮನ ನಂಬರಿಗೆ.

ಮೇಷ್ಟ್ರು ಪಾಸ್‌ವರ್ಡ್ ಒತ್ತಿದರು. ನೋಂದಾಯಿಸಿದ ನಂಬರಿಗೆ ಒಟಿಪಿ ಕಳಿಸಿದ್ದೇವೆ ಎಂದಿತು. ಬೀರುವಿನಿಂದ ಫೋನು ತೆಗೆದು ಚಾರ್ಜಿಗಿಟ್ಟರು. ಸಿಮ್ಮು ಸತ್ತಿತ್ತು. ತಮ್ಮ ಫೋನಿನಿಂದ ಆ ನಂಬರಿಗೆ ಕರೆ ಮಾಡಿದರು. ರಿಂಗ್ ಆಯಿತು. ಕೈಯಲ್ಲಿದ್ದ ಅಮ್ಮನ ಫೋನಿನಲ್ಲಲ್ಲ, ಬೇರೆ ಎಲ್ಲೋ.

"ಹಲೋ, ಯಾರು?" ಹೆಂಗಸಿನ ದನಿ. ಹಿಂದೆ ಉಗಿ ಬುಸ್ಸೆನ್ನುವ ಸದ್ದು.

"ಅಮ್ಮಾ, ಈ ನಂಬರು ಮೊದಲು ನಮ್ಮ ತಾಯಿಯವರದಾಗಿತ್ತು. ಈಗ ನಿಮಗೊಂದು ಒಟಿಪಿ ಬಂದಿರುತ್ತೆ..."

ಫೋನು ಕಟ್ಟಾಯಿತು. ತಪ್ಪು ಅವಳದಲ್ಲ. ಒಟಿಪಿಯನ್ನು ಯಾರಿಗೂ ಹೇಳಬೇಡಿ, ಅತ್ತು ಕರೆದರೂ ಹೇಳಬೇಡಿ ಎಂದು ಕಾಲೇಜಿನ ಗೋಡೆಗೆಲ್ಲ ದಪ್ಪಕ್ಷರದಲ್ಲಿ ಅಂಟಿಸಿದ್ದವರು ಇದೇ ಮೇಷ್ಟ್ರು.

ಕಂಪನಿಗೆ ಬರೆದರು. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ದಯವಿಟ್ಟು ಒಟಿಪಿ ನಮೂದಿಸಿ" ಎಂದು ಮರುಕ್ಷಣವೇ ಉತ್ತರ. ಮನುಷ್ಯರು ಬರೆದದ್ದಲ್ಲ ಎಂದು ಅವರಿಗೆ ಗೊತ್ತಾಗದಿರುತ್ತದೆಯೇ? ಅಮ್ಮನ ಮರಣಪತ್ರ ಕಳಿಸಿದರು. ಮೂವತ್ತು ಕೆಲಸದ ದಿನಗಳೊಳಗೆ ಪರಿಶೀಲಿಸಲಾಗುವುದು ಎಂದು ಬಂತು. ಉಳಿದಿದ್ದದ್ದು ಒಂಬತ್ತು ದಿನ. ಸಿಮ್ಮಿನ ಅಂಗಡಿಗೆ ಹೋದರೆ, ನಂಬರು ಬೇರೆಯವರದಾಗಿದೆ, ವಿಳಾಸ ಕೊಡುವಂತಿಲ್ಲ ಎಂದು ಕೈ ತೊಳೆದುಕೊಂಡರು. ಹೀಗೆ ಎಲ್ಲ ಬಾಗಿಲೂ ಮುಚ್ಚಿ ಕೊನೆಗೆ ಉಳಿದವಳು ಆ ಉಗಿಯ ಸದ್ದಿನ ಹೆಂಗಸೊಬ್ಬಳೇ.

ನಾಲ್ಕನೇ ದಿನ ಅವಳು ಎರಡು ನಿಮಿಷ ಕೇಳಿಸಿಕೊಂಡಳು. "ನೋಡಿ, ತಾಯಿ ಸತ್ತಿದ್ದಾರೆ ಅಂತಾನೇ ನಮ್ಮಕ್ಕನಿಗೂ ಒಬ್ಬ ಫೋನ್ ಮಾಡಿದ್ದು. ಅತ್ತೂ ಅತ್ತೂ ಅವಳನ್ನ ಮುಳುಗಿಸಿದ. ನಿಮ್ಮ ದನಿ ಕೇಳಿದ್ರೆ ಪಾಪ ಅನ್ಸುತ್ತೆ. ಅವನ ದನೀನೂ ಹಾಗೇ ಇತ್ತಂತೆ" ಎಂದಳು.

ಇತ್ತ ಮನೆಯಲ್ಲಿ ತಂಗಿ ನಲವತ್ತು ಮಾತಿನಲ್ಲಿ ದಿನ ಕಳೆಯುತ್ತಿದ್ದಳು. ಬೂದಿ ಬಣ್ಣದ ಚಿತ್ರ ಮುಟ್ಟುವಳು, ಸದ್ದಿಲ್ಲ. ಮತ್ತೆ ಮುಟ್ಟುವಳು. ಒಂದು ಸಂಜೆ ಅವಳು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಹೊಟ್ಟೆನೋವಿನ ಚಿತ್ರವೂ ಬೂದಿಯಾಗಿತ್ತು. ಹಸಿವೋ, ನೋವೋ, ತಿಂಗಳ ತೊಂದರೆಯೋ ಮೇಷ್ಟ್ರಿಗೆ ತಿಳಿಯಲಿಲ್ಲ. ಒಂದೊಂದಾಗಿ ಕೇಳುತ್ತ ಹೋದರು. ಅವಳು ಒಂದಕ್ಕೂ ತಲೆಯಾಡಿಸದೆ ಮುಖ ತಿರುಗಿಸಿದಳು. "ಇನ್ನೊಂದು ನಾಲ್ಕು ದಿನ ತಡ್ಕೋ ಮರಿ, ತಂದುಕೊಡ್ತೀನಿ" ಎಂದರು. ಅವರಿಗೆ ಅಳು ಬಂತು.

ಎಂಟನೇ ದಿನ ಸಂಜೆ ಆ ಹೆಂಗಸು ತಾನಾಗಿಯೇ ಕರೆ ಮಾಡಿದಳು.

"ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡಿ. ಈ ನಂಬರಿಗೆ ಒಬ್ಬ ದರ್ಜಿ ಫೋನ್ ಮಾಡ್ತಾನೆ. ಅಮ್ಮಾ ನಿಮ್ಮ ರವಿಕೆ ಆಗಿದೆ, ತಗೊಂಡು ಹೋಗಿ ಅಂತ. ಮೂರು ಸಲ ಮಾಡ್ದ. ಅದು ಯಾವ ಬಣ್ಣ ಹೇಳಿ?"

ಮೇಷ್ಟ್ರಿಗೆ ರವಿಕೆಯ ವಿಷಯವೇ ಗೊತ್ತಿರಲಿಲ್ಲ. ಅಮ್ಮನ ಸೀರೆಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಮಡಿಸುತ್ತ ಹೋದರು. ಕೊನೆಯ ತಿಂಗಳು ಕೊಂಡ ಒಂದು ಸೀರೆ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು. "ಹಸಿರು" ಎಂದರು. "ಗಿಳಿ ಹಸಿರು."

ಆ ಕಡೆ ಉಗಿ ಎರಡು ಸಲ ಬುಸ್ಸೆಂದಿತು.

"ಹೌದು, ಗಿಳಿ ಹಸಿರು ಅಂತಾನೇ ಹೇಳ್ದ" ಎಂದಳು ಅವಳು. ದನಿ ಮೆತ್ತಗಾಗಿತ್ತು. "ನಾನು ಬಟ್ಟೆ ಇಸ್ತ್ರಿ ಮಾಡೋಳು ಸರ್. ಓದಿದ್ದು ಕಮ್ಮಿ, ಹೆದರಿಕೆ ಜಾಸ್ತಿ. ಕಳ್ಸಿ ಅದನ್ನ. ಬಂದ್ರೆ ಓದಿ ಹೇಳ್ತೀನಿ."

ಮೇಷ್ಟ್ರು ಫೋನನ್ನು ಸ್ಪೀಕರಿಗೆ ಹಾಕಿಕೊಂಡರು. ಲಾಗಿನ್ ಒತ್ತಿದರು. ಆ ಕಡೆ ಟಿಣ್ ಎಂದದ್ದು ಇವರಿಗೂ ಕೇಳಿಸಿತು.

"ಬಂತು. ಬರ್ಕೊಳ್ಳಿ. ನಾಲ್ಕು... ಒಂಬತ್ತು..."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ತಂಗಿ ಬಂದಳು. ಅಣ್ಣ ಊಟದ ಹೊತ್ತಿಗೆ ಫೋನು ಹಿಡಿದು ಕೂತಿದ್ದನ್ನು ನೋಡಿ, ಎಂದಿನಂತೆ ಚಿತ್ರ ಮುಟ್ಟಿದಳು. ಬಣ್ಣ ಉಳಿದಿದ್ದ ನಲವತ್ತರಲ್ಲಿ ಅದೂ ಒಂದು. "ಎಷ್ಟೊತ್ತು ಮಾತು ಅದು? ಊಟ ಆರೋಗ್ತಿದೆ, ಬಾರೋ!" ಎಂಬ ಅಮ್ಮನ ದನಿ ಮನೆ ತುಂಬ ಕೇಳಿಸಿತು.

ಓದುತ್ತಿದ್ದವಳು ನಿಲ್ಲಿಸಿದಳು. "ಯಾರದು?"

ಯಾರೆಂದು ಹೇಳಬೇಕಿತ್ತು? ತಂಗಿ ಎನ್ನಬಹುದಿತ್ತು. ಟಿವಿ ಎನ್ನಬಹುದಿತ್ತು. ಪಕ್ಕದ ಮನೆಯವರೆಂದರೂ ನಡೆಯುತ್ತಿತ್ತು. ಮೇಷ್ಟ್ರ ಮನಸ್ಸೆಲ್ಲ ಇನ್ನೂ ಬಾರದ ನಾಲ್ಕು ಅಂಕಿಗಳ ಮೇಲಿತ್ತು. ಒಂಬತ್ತು ವರ್ಷದ ಅಭ್ಯಾಸದ ಬಾಯಿ ತನ್ನಷ್ಟಕ್ಕೆ ತಾನು ಉತ್ತರ ಕೊಟ್ಟುಬಿಟ್ಟಿತು: "ಅಮ್ಮ."

"ಯಾರು?"

"ಅಲ್ಲ, ಅಮ್ಮ ಅಂದ್ರೆ... ಅದು ನಮ್ಮ ತಂಗಿ, ಅಮ್ಮನ ದನೀಲಿ..."

"ಅಯ್ಯೋ ದೇವ್ರೇ" ಎಂದಳು ಅವಳು. "ಬದುಕಿರೋ ತಾಯಿನ ಸತ್ತಿದ್ದಾಳೆ ಅಂತೀಯಲ್ಲೋ, ನಿನ್ನ ನಾಲಿಗೆಗೆ ಹುಳ ಬೀಳ."

ಆಮೇಲೆ ಎಷ್ಟು ಸಲ ಕರೆ ಮಾಡಿದರೂ ಹೋಗಲಿಲ್ಲ, ಬ್ಲಾಕ್ ಮಾಡಿದ್ದಳು. ಕಾಲೇಜಿನ ಫೋನಿನಿಂದ ಮಾಡಿದರೆ ಇವರ ದನಿ ಕೇಳಿದೊಡನೆ ಇಟ್ಟಳು. ಮೇಷ್ಟ್ರು ಎರಡು ದಿನ ರಜೆ ಹಾಕಿ ಊರಿನ ಇಸ್ತ್ರಿ ಅಂಗಡಿ, ಲಾಂಡ್ರಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ, ಹೋಟೆಲುಗಳ ಹಿತ್ತಲು ಎಲ್ಲ ಸುತ್ತಿದರು. ಉಗಿ ಬುಸ್ಸೆನ್ನುವ ಕಡೆಯೆಲ್ಲ ನಿಂತು ಕಿವಿ ಕೊಟ್ಟರು. ಹೆಂಗಸರು ಇವರನ್ನು ಅನುಮಾನದಿಂದ ನೋಡಿ ಸೆರಗು ಸರಿಮಾಡಿಕೊಂಡರು. ಅವಳು ಇದೇ ಊರಿನವಳೋ ಅಲ್ಲವೋ, ಯಾರಿಗೆ ಗೊತ್ತು?

ಹನ್ನೆರಡನೇ ದಿನ ಬೆಳಗ್ಗೆ ಲಾಗಿನ್ ಒತ್ತಿದರೆ ಅದು ಒಟಿಪಿಯನ್ನೂ ಕೇಳಲಿಲ್ಲ. ಇಂಥ ಖಾತೆ ಇಲ್ಲ ಎಂದಿತು. ಮೇಷ್ಟ್ರು ಎದ್ದು ಅಮ್ಮನ ಹಳೇ ದರ್ಜಿಯ ಅಂಗಡಿಗೆ ಹೋಗಿ ಗಿಳಿ ಹಸಿರು ರವಿಕೆ ತಂದು, ಆ ಮಡಿಕೆ ಬಿಚ್ಚದ ಸೀರೆಯ ಮೇಲಿಟ್ಟರು. ಮಾಡಬಹುದಾದ ಕೆಲಸವೆಂದು ಅವರಿಗೆ ಬೇರೇನೂ ತೋಚಲಿಲ್ಲ.

ಬೂದಿ ಚಿತ್ರಗಳಿಗೆಲ್ಲ ಯಂತ್ರದ ದನಿ ಹಾಕಿಕೊಟ್ಟರು. ಈಗಿನ ಯಂತ್ರದ ದನಿ ಎಷ್ಟೋ ಸುಧಾರಿಸಿದೆ, ಉಸಿರು ಕೂಡ ಎಳೆದುಕೊಳ್ಳುತ್ತದೆ. ತಂಗಿ ಒಂದು ಸಲ ಕೇಳಿದಳು. ಫೋನನ್ನು ಮೆಲ್ಲಗೆ ಅಣ್ಣನ ಮಡಿಲಲ್ಲಿಟ್ಟು ಎದ್ದು ಹೋದಳು. ಸಿಟ್ಟು ಮಾಡಿದ್ದರೂ ಅವರಿಗೆ ಸಮಾಧಾನವಾಗುತ್ತಿತ್ತು. ಮೇಷ್ಟ್ರು ಆ ದನಿ ತೆಗೆದು ನಲವತ್ತನ್ನೇ ಉಳಿಸಿಕೊಟ್ಟರು. ಆ ನಲವತ್ತನ್ನು ಏಳು ಕಡೆ ಇಟ್ಟರು: ಡಿಸ್ಕು, ಪೆನ್‌ಡ್ರೈವು, ಮೂರು ಗೆಳೆಯರ ಮನೆ, ಬ್ಯಾಂಕಿನ ಲಾಕರು, ಕಡೆಗೆ ಬಯಲಿಗೂ. ಎಲ್ಲಿಂದಲೋ ಯಾರೋ ಬರೆದಿದ್ದರು: "ಭಾಷೆ ತಿಳಿಯಲಿಲ್ಲ. ಆದರೆ ಒಂದರ ಕೊನೆಯಲ್ಲಿ ಒಂದು ನಗು ಇದೆ, ಅದನ್ನು ಅಳಿಸಿ ಸರಿಮಾಡಿ ಕಳಿಸಲೇ?" ಬೇಡ ಎಂದು ಮೇಷ್ಟ್ರು ಉತ್ತರಿಸಿದರು.

ಇದೆಲ್ಲ ಆಗಿ ಒಂದು ತಿಂಗಳಾಗಿತ್ತು. ಸಂಜೆ ಮೇಷ್ಟ್ರು ತರಕಾರಿ ಹೆಚ್ಚುತ್ತಿದ್ದರು. ಫೋನು ಮೇಜಿನ ಮೇಲಿತ್ತು, ರಿಂಗಾದಾಗ ಒದ್ದೆ ಬೆರಳಲ್ಲೇ ಸ್ಪೀಕರ್ ಒತ್ತಿದರು. ಮೊದಲು ಕೇಳಿದ್ದು ಉಗಿಯ ಸದ್ದು.

"ಸರ್, ನಾನು... ಆ ನಂಬರಿನವಳು." ಎಂದಳು ಅವಳು. "ನನಗೊಂದು ಮೆಸೇಜ್ ಬಂದಿತ್ತು. ನಾನು ನೋಡಿರಲಿಲ್ಲ. ಇವತ್ತು ನಮ್ಮಕ್ಕನ ಮಗಳು ಓದಿ ಹೇಳಿದ್ಲು. ಎರಡು ಸಾವಿರದ ಮುನ್ನೂರ ಹದಿನಾಲ್ಕು ಫೈಲು ಪೂರ್ತಿ ಅಳಿಸಿದ್ದೀವಿ ಅಂತಿದೆ. ಅದರ ಹೆಸರು... ಅಮ್ಮನ ಮಾತು ಅಂತಿದೆ. ನೀವು ನಿಜ ಹೇಳ್ತಿದ್ರಾ ಸರ್? ಈಗ ಏನಾದ್ರೂ ಮಾಡಕ್ಕಾಗುತ್ತಾ? ಆ ಒಟಿಪಿ ಇನ್ನೂ ಇದೆ ನನ್ನ ಹತ್ರ, ಹೇಳ್ಲಾ? ನಾಲ್ಕು, ಒಂಬತ್ತು, ಸೊನ್ನೆ..."

ಮೇಷ್ಟ್ರು ಚಾಕು ಕೆಳಗಿಟ್ಟರು. ಮೇಜಿನಾಚೆ ತಂಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅಂದು ಅಂಕಿ ಓದುತ್ತ ಅರ್ಧಕ್ಕೆ ನಿಲ್ಲಿಸಿದ್ದ ಆ ದನಿ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಫೋನು ಎತ್ತಿಕೊಂಡಳು. ಹುಡುಕಿ, ಒಂದು ಚಿತ್ರ ಮುಟ್ಟಿದಳು.

"ಈಗ ಬಂದ್ಯಾ?" ಎಂದಿತು ಅಮ್ಮನ ದನಿ. "ಕೈಕಾಲು ತೊಳ್ಕೋ."

ಆ ಕಡೆ ಉಗಿ ನಿಂತಿತು. "ಇದು... ಅವರೇನಾ ಸರ್?"

"ಹೂಂ" ಎಂದರು ಮೇಷ್ಟ್ರು. "ಅಮ್ಮ."

ಅವಳು ಅಳತೊಡಗಿದಳು. ತಂಗಿ ಇನ್ನೂ ಏನೋ ಹೇಳಬೇಕೆಂದು ಪರದೆಯ ಮೇಲೆ ಬೆರಳಾಡಿಸಿದಳು. ಬೂದಿ ಚಿತ್ರಗಳ ಸಾಲು ದಾಟಿ ದಾಟಿ ಕೆಳಗಿನವರೆಗೆ ಹೋದಳು, ತಿರುಗಿ ಮೇಲೆ ಬಂದಳು. ಹೇಳಬೇಕಾದದ್ದು ಎಲ್ಲೂ ಸಿಗಲಿಲ್ಲ. ಕೊನೆಗೆ ಅದೇ ಚಿತ್ರವನ್ನು ಮತ್ತೊಮ್ಮೆ ಮುಟ್ಟಿದಳು.